ಸಹಾಯ ಬೇಕು: ಹಳೆ ಆರ್‌ಎಕ್ಸ್ 100ರ ಚೈನ್, ಹಿಂದಿನ ಬ್ರೇಕ್
ನಮಸ್ಕಾರ, ಬದಿಯಡ್ಕದಿಂದ ಬರೆಯುತ್ತಿದ್ದೇನೆ. ಅಪ್ಪನ 1993ರ ಯಮಹಾ ಆರ್‌ಎಕ್ಸ್ 100 ಬೈಕನ್ನು ಮನೆಯಲ್ಲೇ ಸರಿ ಮಾಡ್ತಾ ಇದ್ದೇನೆ. ಚೈನ್ ಜೊತೆ ಎರಡೂ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಹೊಸದು ಹಾಕಿದೆ. ಸವೆದ ಹಲ್ಲಿಗೆ ಹೊಸ ಚೈನ್ ಬಾಳುವುದಿಲ್ಲ. ಆದರೂ ಹಿಂದಿನ ಚಕ್ರ ತಿರುಗಿಸಿದರೆ ಒಂದು ಕಡೆ ಚೈನ್ ತಂತಿಯ ಹಾಗೆ ಬಿಗಿ, ಅರ್ಧ ಸುತ್ತು ಕಳೆದರೆ ಎರಡು ಬೆರಳು ಜೋಲು. ಬೇರಿಂಗ್ ಬದಲಿಸಿ ಆಯಿತು. ತಪ್ಪು ಹೊಸ ಸ್ಪ್ರಾಕೆಟ್ಟಿನದೋ, ಅದು ಕೂರುವ ಹಬ್ಬಿನದೋ (ಚಕ್ರದ ನಡುಭಾಗ)? ಹೇಗೆ ಪರೀಕ್ಷಿಸುವುದು?

ಬ್ರೇಕಿನದೇ ನನಗೆ ದೊಡ್ಡ ಹೆದರಿಕೆ. ಹೊಸ ಬ್ರೇಕ್ ಶೂ ಹಾಕಿದರೂ ಒತ್ತಿದಾಗ ಪೆಡಲ್ ಕಾಲಿನಡಿ ಮಿಡಿಯುತ್ತದೆ. ಶೂ ಒತ್ತಿ ಉಜ್ಜುವ ಡ್ರಮ್ಮಿನೊಳಗೆ ಉಗುರು ಸಿಕ್ಕುವಷ್ಟು ಗೀರು. ಉಪ್ಪುಕಾಗದ ಹಾಕಿ ಉಜ್ಜಿದರೆ ಸಾಕು ಅಂದರು ಒಬ್ಬರು, ಮನಸ್ಸು ಒಪ್ಪಲಿಲ್ಲ. ದುಂಡು ತಪ್ಪಿದ ಡ್ರಮ್ ಉಜ್ಜಿದರೆ ದುಂಡಗಾಗುತ್ತದಾ? ಚಕ್ರದ ಕಡ್ಡಿ (ಸ್ಪೋಕ್) ಬಿಚ್ಚದೆ ಇಡೀ ಚಕ್ರವನ್ನೇ ಲೇತ್‌ಗೆ (ತಿರುಗಿಸಿ ಕಡೆಯುವ ಯಂತ್ರ) ಕಟ್ಟಿ ಡ್ರಮ್ ಕಡೆದು ಕೊಡುವವರು ಕಾಸರಗೋಡು, ಪುತ್ತೂರು, ಮಂಗಳೂರಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ಮಳೆಗಾಲಕ್ಕೆ ಮೊದಲು ಅಪ್ಪನನ್ನು ಒಮ್ಮೆ ಕೂರಿಸಿಕೊಂಡು ಹೋಗಬೇಕು.