ಪ್ರೋಟೀನ್ ಸಾಲು ಐದಕ್ಕೇ ನಿಲ್ಲುತ್ತಿದೆ, ತಲೆ ಕೆಟ್ಟುಹೋಗಿದೆ

ಚಿಗುರು_ಕೋಡ್:
ಮೂರು ರಾತ್ರಿಯಿಂದ ನಿದ್ದೆ ಇಲ್ಲ. ಪೈಥಾನಿನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದೇನೆ. ಜೀನಿನ ಅಕ್ಷರಗಳನ್ನು ಮೂರು ಮೂರಾಗಿ ಓದಿ, ಕೋಡಾನ್ (ಮೂರಕ್ಷರದ ಗುಂಪು) ಪಟ್ಟಿ ನೋಡಿ ಅಮೈನೋ ಆಮ್ಲಗಳ ಸಾಲು, ಅಂದರೆ ಪ್ರೋಟೀನ್, ಕೊಡಬೇಕು. ಇನ್ಸುಲಿನ್ ಹಾಕಿದೆ, ಸರಿಯಾಗಿ 110 ಬಂತು. ಈಗ ಇನ್ನೊಂದು ಜೀನ್ ಹಾಕಿದರೆ ಎಂ, ಎಫ್, ಎ, ಡಿ, ಆರ್ ಅಂತ ಐದು ಅಮೈನೋ ಆಮ್ಲ ಅಷ್ಟೇ. ಆಮೇಲೆ ಸ್ಟಾಪ್! 513 ಬರಬೇಕಿತ್ತು. ಮನುಷ್ಯನದ್ದೇ ಜೀನ್. ಪಟ್ಟಿಯ 64 ಸಾಲನ್ನೂ ಎರಡೆರಡು ಸಲ ನೋಡಿದ್ದೇನೆ.

ಹಳೇ_ಪಿಪೆಟ್:
ಇಂಟ್ರಾನ್. ನೂರಕ್ಕೆ ನೂರು. ಜೀವಕೋಶ ಮೊದಲು ಆರ್‌ಎನ್‌ಎ ಪ್ರತಿ ತೆಗೆದು, ಬೇಡದ ತುಂಡು ಕತ್ತರಿಸಿ, ಉಳಿದದ್ದನ್ನು ಜೋಡಿಸಿ, ಪ್ರೋಟೀನ್ ಕಟ್ಟುವ ರೈಬೋಸೋಮಿಗೆ ಕೊಡುತ್ತದೆ. ಆ ಬೇಡದ ತುಂಡೇ ಇಂಟ್ರಾನ್. ನೀವು ಕತ್ತರಿಸದೇ ಇರುವುದನ್ನು ಓದುತ್ತಿದ್ದೀರಿ.

ಚಿಗುರು_ಕೋಡ್:
ಸರ್, ಒಟ್ಟು ಇರುವುದೇ 1542 ಅಕ್ಷರ. ಅಂದರೆ 514 ಕೋಡಾನ್. ಕೊನೆಯದು ಬಿಟ್ಟರೆ 513. ಇಂಟ್ರಾನಿಗೆ ಜಾಗ ಎಲ್ಲಿದೆ?

ಹಳೇ_ಪಿಪೆಟ್:
ಆದರೂ ಎಂಆರ್‌ಎನ್‌ಎ (ಕತ್ತರಿಸಿ ಜೋಡಿಸಿದ ಪ್ರತಿ) ಫೈಲನ್ನೇ ಇಳಿಸಿಕೊಂಡು ನೋಡಿ. ಇಂಥದ್ದು ಬಹಳ ನೋಡಿದ್ದೇನೆ.

ಕರಾವಳಿ_ಕೋಶ:
ಆರನೆಯ ಕೋಡಾನ್ ಯಾವುದು? ಟಿಜಿಎ ಆದರೆ ಅದು ಸೆಲೆನೋಸಿಸ್ಟೀನ್ ಇರಬಹುದು. ಮನುಷ್ಯರಲ್ಲಿ ಇಂಥ 25 ಜೀನ್‌ಗಳಿವೆ. ಅವುಗಳಲ್ಲಿ ಟಿಜಿಎ ಬಂದರೂ ರೈಬೋಸೋಮ್ ನಿಲ್ಲುವುದಿಲ್ಲ, ಸೆಲೆನಿಯಂ ಇರುವ ಅಮೈನೋ ಆಮ್ಲ ಸೇರಿಸಿ ಮುಂದೆ ಹೋಗುತ್ತದೆ.

ಚಿಗುರು_ಕೋಡ್:
ಹೌದು, ಟಿಜಿಎನೇ! ಆದರೆ ಒಂದಲ್ಲ, ಸಾಲಿನ ಉದ್ದಕ್ಕೂ ಟಿಜಿಎ ಇದೆ.

ಗೆರೆ_ಎಳೆಯುವವ:
ಟಿ ಅಲ್ಲ, ಯು. ರೈಬೋಸೋಮ್ ಓದುವುದು ಆರ್‌ಎನ್‌ಎಯನ್ನು, ಅದರಲ್ಲಿ ಟಿ ಬದಲು ಯು. ಯುಜಿಎ ಅನ್ನಿ.

ಕರಾವಳಿ_ಕೋಶ:
ಫೈಲುಗಳಲ್ಲಿ ಎಲ್ಲಾ ಕಡೆ ಟಿ ಅಂತಲೇ ಇರುತ್ತದೆ ಮಾರಾಯ್ರೇ. ಸುಮ್ನೆ ಯಾಕೆ ಗಲಾಟೆ.

ರ್‍ಯಾಮ್_ರಾಜ:
ನನ್ನ ಹತ್ತಿರ 64 ಜಿಬಿ ರ್‍ಯಾಮ್, ಲಿನಕ್ಸ್, ಎರಡು ಮಾನಿಟರ್. ಇಡೀ ಜೀನೋಮನ್ನೇ ಓಡಿಸುತ್ತೇನೆ. ಫೈಲ್ ಕಳಿಸಿ.

ಗೆರೆ_ಎಳೆಯುವವ:
1542 ಅಕ್ಷರಕ್ಕೆ ಪೆನ್ಸಿಲ್ ಸಾಕು ರಾಜರೇ.

ಮಂಜಿನ_ಬೆಟ್ಟ:
ಇಷ್ಟು ಹೊತ್ತಾಯಿತು, ಜೀನಿನ ಹೆಸರನ್ನೇ ಯಾರೂ ಕೇಳಿಲ್ಲ, ಅಲ್ವಾ?

ಚಿಗುರು_ಕೋಡ್:
ಸಿಒಎಕ್ಸ್1. ಮೈಟೊಕಾಂಡ್ರಿಯಾದ್ದು. ಅದರಿಂದ ವ್ಯತ್ಯಾಸ ಏನಾದರೂ ಆಗುತ್ತದೆಯೇ?

ಮಂಜಿನ_ಬೆಟ್ಟ:
ಅಯ್ಯೋ, ಇದನ್ನು ಮೊದಲೇ ಹೇಳುವುದಲ್ಲವೇ! ನಿಮ್ಮ ಕೋಡ್ ಸರಿ ಇದೆ, ಪಟ್ಟಿ ಬೇರೆಯದು ಬೇಕು. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ್ದು ಬೇರೆಯೇ ಸಂಸಾರ. 16,569 ಅಕ್ಷರಜೋಡಿಯ ಸ್ವಂತ ಡಿಎನ್‌ಎ, ಸ್ವಂತ ರೈಬೋಸೋಮ್, 22 ಟಿಆರ್‌ಎನ್‌ಎ (ಕೋಡಾನಿಗೆ ತಕ್ಕ ಅಮೈನೋ ಆಮ್ಲ ಹೊತ್ತು ತರುವ ಅಣು), ಅದರಲ್ಲಿ ಬರೆದಿರುವ ಪ್ರೋಟೀನ್ 13. ಕೋಡಾನಿಗೆ ಅರ್ಥ ಕೊಡುವುದು ಟಿಆರ್‌ಎನ್‌ಎ. ಮೈಟೊಕಾಂಡ್ರಿಯಾದ ಹೊರಗಿನ ರೈಬೋಸೋಮಿನಲ್ಲಿ ಯುಜಿಎ ಬಂದರೆ ಅದಕ್ಕೆ ಹೊಂದುವ ಮಾಮೂಲಿ ಟಿಆರ್‌ಎನ್‌ಎ ಇಲ್ಲ. ಆ ಜಾಗಕ್ಕೆ ಬಿಡುಗಡೆ ಪ್ರೋಟೀನ್ ಬಂದು ಸರಪಳಿ ಕಳಚುತ್ತದೆ. ಆದರೆ ಮೈಟೊಕಾಂಡ್ರಿಯಾದಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ತರುವ ಟಿಆರ್‌ಎನ್‌ಎ ಯುಜಿಜಿಯ ಜೊತೆ ಯುಜಿಎಯನ್ನೂ ಹಿಡಿಯುತ್ತದೆ. ಕೇಂಬ್ರಿಜ್‌ನಲ್ಲಿ ಬ್ಯಾರೆಲ್ ಮತ್ತು ಸಂಗಡಿಗರು 1979ರಲ್ಲೇ ಇದನ್ನು ಕಂಡರು. ಮನುಷ್ಯನ ಜೀನನ್ನು ಹಸುವಿನ ಪ್ರೋಟೀನಿನ ಪಕ್ಕ ಇಟ್ಟು ನೋಡಿದರು. ಇಲ್ಲಿ ಟಿಜಿಎ ಇದ್ದ ಕಡೆ ಅಲ್ಲಿ ಟ್ರಿಪ್ಟೊಫಾನ್ ಇತ್ತು. ಬಯೋಪೈಥಾನಿನಲ್ಲಿ (ಜೀವಶಾಸ್ತ್ರಕ್ಕಿರುವ ಪೈಥಾನ್ ಲೈಬ್ರರಿ) ಟೇಬಲ್ 2 ಹಾಕಿ, ಅದು ಮೈಟೊಕಾಂಡ್ರಿಯಾದ ಪಟ್ಟಿ. ಎಟಿಎ ಕೂಡ ಬದಲಾಗುತ್ತದೆ, ಮೆಥಿಯೊನಿನ್ ಆಗುತ್ತದೆ. ಎಜಿಎ, ಎಜಿಜಿ ಎರಡೂ ಸ್ಟಾಪ್.

ಚಿಗುರು_ಕೋಡ್:
513 ಬಂತು!! ಆರನೆಯದು ಡಬ್ಲ್ಯೂ, ಅಂದರೆ ಟ್ರಿಪ್ಟೊಫಾನ್. ಕೈ ಮುಗಿದೆ. ಆದರೆ ಮೈಟೊಕಾಂಡ್ರಿಯಾದ್ದೇ ಇನ್ನೊಂದು ಜೀನ್ ಎನ್‌ಡಿ4 ಹಾಕಿದರೆ 1378 ಅಕ್ಷರ, ಮೂರರಿಂದ ಭಾಗವಾಗಲ್ಲ. ಕೊನೆಯಲ್ಲಿ ಒಂದು ಟಿ ಉಳಿಯುತ್ತದೆ. ಫೈಲ್ ತುಂಡಾಗಿದೆಯೇ?

ಹಳೇ_ಪಿಪೆಟ್:
ಇಂಟ್ರಾನ್...

ಮಂಜಿನ_ಬೆಟ್ಟ:
ಸರ್, ಸಾಕು. ಫೈಲ್ ಸರಿ ಇದೆ. ಆರ್‌ಎನ್‌ಎ ತಯಾರಾದ ಮೇಲೆ ಬಾಲಕ್ಕೆ ಎಎಎ ಅಂತ ಉದ್ದಕ್ಕೂ ಅಂಟಿಸುತ್ತಾರಲ್ಲ, ಆಗ ಉಳಿದ ಯು ಯುಎಎ ಆಗುತ್ತದೆ. ಸ್ಟಾಪಿನ ಮೂರರಲ್ಲಿ ಎರಡಕ್ಷರ ಡಿಎನ್‌ಎಯಲ್ಲೇ ಇಲ್ಲ. ಎಷ್ಟು ಜಿಪುಣತನ ನೋಡಿ.

ಹಳೇ_ಪಿಪೆಟ್:
ಇರಲಿ. ಆದರೆ ಎಜಿಎ ಸ್ಟಾಪ್ ಅಂದಿರಲ್ಲ, ಅದು ತಪ್ಪು. ರೈಬೋಸೋಮ್ ಒಂದಕ್ಷರ ಹಿಂದೆ ಸರಿದು ಯುಎಜಿ ಓದುತ್ತದೆ. 2010ರಲ್ಲೇ ಪೇಪರ್ ಬಂದಿದೆ.

ಕರಾವಳಿ_ಕೋಶ:
ಆಮೇಲೂ ಪೇಪರ್ ಬಂದಿದೆ. ಎಂಟಿಆರ್‌ಎಫ್1 ಎಂಬ ಬಿಡುಗಡೆ ಪ್ರೋಟೀನ್ ಎಜಿಎಯನ್ನೇ ನೇರವಾಗಿ ಗುರುತಿಸುತ್ತದೆ ಅಂತ.

ಹಳೇ_ಪಿಪೆಟ್:
ಒಪ್ಪುವುದಿಲ್ಲ. ಬೇರೆ ಚರ್ಚೆ ಶುರು ಮಾಡುತ್ತೇನೆ, ಅಲ್ಲಿಗೆ ಬನ್ನಿ.

ಚಿಗುರು_ಕೋಡ್:
ನನ್ನ ಪಟ್ಟಿಯಲ್ಲಿ ಏನಿಡಲಿ?

ಮಂಜಿನ_ಬೆಟ್ಟ:
ಸ್ಟಾಪ್ ಅಂತಲೇ ಇಡಿ. ಸಿಒಎಕ್ಸ್1ರ ಕೊನೆಯ ಕೋಡಾನೇ ಎಜಿಎ. ಇಬ್ಬರಲ್ಲಿ ಯಾರು ಗೆದ್ದರೂ ನಿಮ್ಮದು 513ಕ್ಕೇ ನಿಲ್ಲುತ್ತದೆ.