ಹಿಂದಿನ ಗಾಲಿಗೆ ಚೈನ್ ಹಾಕಿದ್ರ ಒಳಗ ತಿಕ್ಕತೈತಿ, ಗಾಲಿ ಹೊರಗ ಸರಸೂದು ಹೆಂಗ್ರಿ?

ಬೆಣ್ಣಿಹಳ್ಳದ ದಂಡಿ:
ನಮಸ್ಕಾರ್ರಿ ಎಲ್ಲಾರಿಗೂ. ನಮ್ದು ನವಲಗುಂದ ಕಡೆ, ಪೂರಾ ಎರಿ ಹೊಲ, ಅಂದ್ರ ಕರೀ ಮಣ್ಣು. ಟ್ರ್ಯಾಕ್ಟರ್ 45 ಎಚ್‌ಪಿ, ಹಿಂದ 13.6-28 ಟಾಯರ್. ಒಂದ್ ಮಳಿ ಜೋರ್ ಆತಂದ್ರ ಚಕ್ಕಡಿ ದಾರ್ಯಾಗ ಗಾಲಿ ನಿಂತಲ್ಲೇ ತಿರಗ್ತಾವು. ಹ್ವಾದ ವಾರ ಹೆಸರಿನ ಚೀಲ ಹೇರ್ಕೊಂಡ್ ಬರೂ ಮುಂದ ಹೌಸಿಂಗ್ (ಹಿಂದಿನ ಎಕ್ಸೆಲ್ ಇರೂ ಕಬ್ಬಿಣದ ಗೂಡು) ಮಟ ಹುಗದು ಕುಂತ್ತು, ಇನ್ನೊಬ್ರ ಗಾಡಿ ತಂದು ಹಗ್ಗ ಹಚ್ಚಿ ಜಗ್ಗೂದ್ರಾಗ ಕತ್ತಲಾತು, ಅಷ್ಟೊತ್ತಿಗೆ ಮತ್ತ ಮಳಿ. ನಮ್ಮ ಮಾವ ಮಿಲಿಟ್ರಿಯಿಂದ ರಿಟೈರ್ ಆಗ್ಯಾರ, ಲಡಾಖದಾಗ ಬರ್ಫಿನ ಮ್ಯಾಲೆ ಲಾರಿ ಗಾಲಿಗೆ ಚೈನ್ ಸುತ್ತಿ ಓಡಸ್ತಿದ್ವಿ ನೀನೂ ಹಾಕು ಅಂದ್ರು. ಹುಬ್ಬಳ್ಳಿ ಗುಜರಿಯೊಳಗ ಒಂದ್ ಜೋಡಿ ಸಿಕ್ತು, ಏಣಿ ಇದ್ದಂಗ ಅಡ್ಡಪಟ್ಟಿ ಚೈನ್. ಹಾಕಿ ನೋಡಿದ್ರ ಒಳಗಿನ ಮಗ್ಗಲು ಮಡ್‌ಗಾರ್ಡ್ ಪತ್ರಾಕ್ಕ ತಿಕ್ಕತೈತಿ, ಕೆಳಗ ಸಾಮಾನು ಎತ್ತೂ ಲಿಂಕಿಗೂ ಬಡಿತೈತಿ. ಗಾಲಿ ಹೊರಗ ಸರಸಾಕ ಎಕ್ಸೆಲ್ಲೇ ಬದ್ಲಿ ಮಾಡ್ಬೇಕು ಅಂತ ಊರಾಗಿನ ಮಿಸ್ತ್ರಿ ಅಂತಾನ. ಖರೇ ಏನ್ರಿ?

ಹಾವೇರಿ ಪಾನಾ:
ಎಕ್ಸೆಲ್ ಗಿಕ್ಸೆಲ್ ಏನೂ ಬ್ಯಾಡ್ರಿ ತಮ್ಮಾ. ನಿನ್ನ ಗಾಲಿ ಒಂದ ತುಂಡಲ್ಲ, ನಡಕ ತಾಟಿನಂಗ ಡಿಸ್ಕು, ಸುತ್ತ ರಿಮ್ಮು, ಎರಡನ್ನೂ ಬೋಲ್ಟ್ ಹಿಡದಿರ್ತಾವು. ಡಿಸ್ಕಿನ ತಗ್ಗು ಒಳಗರೆ ಮಾಡಬೌದು ಹೊರಗರೆ ಮಾಡಬೌದು, ರಿಮ್ಮಿನ ಕಿವಿ (ಬೋಲ್ಟ್ ಹಾಕೂ ಪಟ್ಟಿ) ನಟ್ಟನಡಕ ಇರಂಗಿಲ್ಲ ಒಂದ್ ಕಡೆ ಸರದಿರ್ತಾವು ಅದನ್ನೂ ತಿರುವಬೌದು, ಆ ಕಿವಿ ಡಿಸ್ಕಿನ ಒಳಮಗ್ಗಲಿಗೆ ಹಚ್ಚಬೌದು ಹೊರಮಗ್ಗಲಿಗೆ ಹಚ್ಚಬೌದು. ಎರಡರಡು ನಾಕು, ನಾಕರಡು ಎಂಟು. ಭಾಳ ಗಾಡ್ಯಾಗ ಎರಡೂ ಗಾಲಿ ನಡಕಿನ ಅಗಲ 48 ಇಂಚಿಂದ 76 ಇಂಚ್ ಮಟ ನಾಕ್ನಾಕ್ ಇಂಚಿಗೊಂದು ಜಾಗಾ ಸಿಗತೈತಿ, ನಿನ್ನ ಗಾಡಿ ಜೋಡಿ ಕೊಟ್ಟ ಪುಸ್ತಕದಾಗ ಚಿತ್ರ ಇರ್ತೈತಿ ತಗದ್ ನೋಡು. ಬೆಸುಗಿ ಹಾಕಿದ ಗಾಲಿ ಇದ್ರ ಮಾತ್ರ ಎರಡ ಜಾಗಾ, ಎಡದ್ದು ಬಲಕ್ಕ ಬಲದ್ದು ಎಡಕ್ಕ.

ಒಂದ್ ಮಾತು ಎಲ್ಲಾರೂ ತಪ್ಪತಾರ. ಅಳತಿ ಈ ಟಾಯರಿನ ನಡಕಿಂದ ಆ ಟಾಯರಿನ ನಡಕ್ಕ. 4 ಇಂಚ್ ಅಗಲ ಮಾಡಿದಿ ಅಂದ್ರ ಒಂದೊಂದ್ ಮಗ್ಗಲಿಗೆ ಸಿಗೂದು ಎರಡ ಇಂಚ್.

ಇನ್ನ ಗುಬ್ಬಿ, ಅಂದ್ರ ಟಾಯರ್ ಮ್ಯಾಲೆ ಎದ್ದಿರೂ ರಬ್ಬರ್ ಪಟ್ಟಿ. ರಿಮ್ ತಿರುವಿದ್ರ ಟಾಯರ್ ಉಲ್ಟಾ ಆಗತೈತಿ, ಆವಾಗ ಎಡ ಬಲ ಅದಲಿಬದಲಿ ಮಾಡಾಕಬೇಕು. ಗಾಡಿ ಹಿಂದ ನಿಂತು ನೋಡಿದ್ರ ಗುಬ್ಬಿಯ ಚೂಪು ಮ್ಯಾಲೆ ಇರಬೇಕು, ಟಾಯರ್ ಮ್ಯಾಲೆ ಬಾಣದ ಗುರ್ತೂ ಇರ್ತೈತಿ. ನಮ್ಮಲ್ಲಿಗೆ ಬಂದ ಒಬ್ರು ಎರಡು ವರ್ಷ ಉಲ್ಟಾ ಹೊಡದಿದ್ರು, ಗಾಡಿ ಎಳ್ಯಂಗಿಲ್ಲ ಅಂತ ಎಂಜಿನ್ ಬಿಚ್ಚಸಾಕ ನಿಂತಿದ್ರು.

ಟಾಯರಿಗೆ ನೀರ್ ತುಂಬಿಸೀಯೇನು? ತುಂಬಿಸಿದ್ರ ಮೊದಲ ವಾಲ್ ಬಿಚ್ಚಿ ಖಾಲಿ ಮಾಡು, ನೂರ್ ಲೀಟರಿನ ಮ್ಯಾಲೆ ಹಿಡಿತೈತಿ, ಅಂದ್ರ ಒಂದ್ ಕ್ವಿಂಟಲ್ ಮ್ಯಾಲೆ ಕಾಲ ಮ್ಯಾಲೆ ಬೀಳತೈತಿ. ಎರಿ ಮಣ್ಣಾಗ ಜ್ಯಾಕ್ ಹಚ್ಚಬ್ಯಾಡ, ಇಳದು ವಾಲತೈತಿ. ಫರಸಿ ಮ್ಯಾಲೆ ನಿಲ್ಲಸಿ, ಮುಂದಿನ ಗಾಲಿಗೆ ಕಲ್ಲ ಕೊಟ್ಟು, ಹೌಸಿಂಗ್ ಕೆಳಗ ಕಟಗಿ ದಿಮ್ಮಿ ಇಟ್ಟು ಒಂದೊಂದ ಗಾಲಿ ಬಿಚ್ಚು.

ಹಾನಗಲ್ಲ ಗದ್ದಿ:
ಪಾನಾ ಅಣ್ಣಾರು ಹೇಳಿದ್ದು ಬರೋಬ್ಬರಿ. ಆದ್ರ ಆ ಏಣಿ ಚೈನ್ ಟ್ರ್ಯಾಕ್ಟರ್ ಗುಬ್ಬಿ ನಡು ಸಂದ್ಯಾಗ ಹೋಗಿ ಕುಂದರ್ತೈತಿ ನೋಡ್ರಿ, ಹಾಕಿದ್ರೂ ಒಂದ ಬಿಟ್ರೂ ಒಂದ. ಗುಬ್ಬಿ ಟಾಯರಿಗೆ ಜಾಳಿಗಿ ಥರ ಹೆಣದಿದ್ದು ಬೇಕು, ಅದೂ ಬರ್ಫಿಗೆ. ನಾವು ಭತ್ತದ ಗದ್ದ್ಯಾಗ ಕೇಜ್‌ವೀಲ್ (ಪಂಜರದಂಗ ಕಬ್ಬಿಣದ ಗಾಲಿ) ಹಾಕ್ತೀವಿ, ಡಾಂಬರಿಗೆ ಬಂದ್ರ ಬಿಚ್ಚಬೇಕು, ಅದೊಂದ್ ತ್ರಾಸು.

ಗದಗ ಮೆಣಸಿನಕಾಯಿ:
ಎರಿ ಮಣ್ಣಿಗೆ ಚೈನ್ ಹಾಕೂದಂದ್ರ ಹೋಳಿಗಿಗೆ ಹೂರಣ ತುಂಬಿದಂಗ 😀 ಹತ್ತ ಮಾರು ಹೋಗೂದ್ರಾಗ ಟಾಯರ್ ಎಲ್ಲಿ ಚೈನ್ ಎಲ್ಲಿ ಗೊತ್ತಾಗಂಗಿಲ್ಲ.

ಹಿರೇಮನಿ ಕಾಕಾ:
ತಮ್ಮಾ, ಚೈನ್ ಬಿಡು, ನಿನ್ನ ಟ್ರೇಲರ್ ಎಂಥಾದ್ದು ಹೇಳು. ಎರಡ ಗಾಲೀದಿದ್ರ ಚೀಲ ಸ್ವಲ್ಪ ಮುಂದ ಹೇರು, ಹುಕ್ಕಿನ ಮ್ಯಾಲೆ ಭಾರ ಬಿದ್ದು ಹಿಂದಿನ ಗಾಲಿ ಹಿಡಿತಾವು, ಅತೀ ಮಾಡಿದ್ರ ಮುಂದ ಎದ್ದು ಸ್ಟೇರಿಂಗ್ ಕೇಳಂಗಿಲ್ಲ. ನಾಕ ಗಾಲೀದಿದ್ರ ಈ ಲಾಭ ಇಲ್ಲ. ಒಂದ ಗಾಲಿ ತಿರಗಾಕ ಹತ್ತಿದ್ರ ಡಿಫರೆನ್ಷಿಯಲ್ ಲಾಕ್ (ಹಿಂದಿನ ಎರಡೂ ಗಾಲಿ ಕೂಡೇ ತಿರಗೂ ಹಂಗ ಮಾಡೂ ಪೆಡಲ್) ತುಳಿ, ತಿರುವಿನ್ಯಾಗ ಮಾತ್ರ ಕಾಲ ತಗಿ. ಭಾಳ ಮಂದಿಗೆ ಆ ಪೆಡಲ್ ಇದ್ದದ್ದ ಗೊತ್ತಿಲ್ಲ, ಜಂಗ್ ಹಿಡದಿರ್ತೈತಿ.

ಗಾಲಿ ಅಗಲ ಮಾಡೂದು ನಾ ಬ್ಯಾಡ ಅನ್ನಂಗಿಲ್ಲ, ಅದು ಎಡಿ ಹೊಡ್ಯಾಕ (ಬೆಳಿ ಸಾಲಿನ ನಡಕ ಕಳೆ ತಗ್ಯಾಕ) ಕೆಲಸಕ್ಕ ಬರ್ತೈತಿ. ಹತ್ತಿ ಮೂರ್ ಫೂಟಿನ ಸಾಲು ಇದ್ರ 72 ಇಂಚ್, ಎರಡ ಸಾಲು ನಡಕ ಸರಳ ಹೊಕ್ಕಾವು. ಗೋವಿನಜೋಳ ಎರಡ ಫೂಟಿಗೆ 48. ಮುಂದಿನ ಗಾಲೀನೂ ಎಕ್ಸೆಲ್ ತೂತಿನ ಪಿನ್ ತಗದು ಅಷ್ಟಕ್ಕ ಸರಸು, ಟೈ ರಾಡ್ (ಸ್ಟೇರಿಂಗಿನಿಂದ ಮುಂದಿನ ಗಾಲಿ ತಿರುವೂ ಸಳಿ) ಎರಡೂ ಕಡೆ ಸಮ ಮಾಡು, ಇಲ್ಲಂದ್ರ ಹಿಂದಿಂದು ಸಾಲಿನ್ಯಾಗ ಮುಂದಿಂದು ಬೆಳಿ ಮ್ಯಾಲೆ. ಆದ್ರ ನಿನ್ನ ದಾರ್ಯಾಗ 72 ಇಡಬ್ಯಾಡ. ಟ್ರೇಲರ್ ಗಾಲಿ ಸಣ್ಣ ಅಗಲ ಇದ್ರ ಅದು ಹಸಿ ಮಣ್ಣಾಗ ಬ್ಯಾರೇ ಗಾಡಿದಾರಿ ಕೊರಕೊಂತ ಬರಬೇಕು, ಭಾಳ ಜಗ್ಗತೈತಿ.

ಬೆಣ್ಣಿಹಳ್ಳದ ದಂಡಿ:
ಕಾಕಾ, ಟ್ರೇಲರ್ ಎರಡ ಗಾಲೀದ ಐತ್ರಿ, ನಾವು ಹಿಂದಿಂದ ಹೇರ್ಕೊಂತ ಬರ್ತಿದ್ವಿ. ನಿನ್ನೆ ಟೇಪ್ ಹಿಡದ್ ನೋಡಿದ್ರ ಹಿಂದ 52 ಇಂಚ್ ಐತಿ, ಟ್ರೇಲರ್ 60. ಹಂಗಾರ 60ಕ್ಕ ಇಡ್ತೀನಿ, ಒಂದೊಂದ ಮಗ್ಗಲಿಗೆ ನಾಕ್ ಇಂಚ್. ಎಡದ್ದು ಮುಗೀತು, ಬಾಣದ ಗುರ್ತು ಮೂರ್ ಸಲ ನೋಡೀನಿ.

ಹಾವೇರಿ ಪಾನಾ:
ಭೇಷ್. ನಟ್ ಎದರಾ ಬದರಾ ಬಿಗಿ ಮಾಡು, ವರ್ತುಲದಂಗ ಸುತ್ತಬ್ಯಾಡ. ಒಂದ್ ದಿನ ಓಡಿಸಿ ಮತ್ತ ಬಿಗಿ ಮಾಡು, ಮರತ್ರ ಡಿಸ್ಕಿನ ತೂತು ತತ್ತಿ ಆಕಾರ ಆಗಿಬಿಡ್ತಾವು, ಆಮ್ಯಾಲೆ ಎಷ್ಟ ಬಿಗಿದ್ರೂ ನಿಲ್ಲಂಗಿಲ್ಲ.

ಬೆಣ್ಣಿಹಳ್ಳದ ದಂಡಿ:
ಆತ್ರಿ. ಬಲದ್ದು ಒಂದ ನಟ್ ಜಂಗ್ ಹಿಡದು ಬಿಚ್ಚವಲ್ದು, ಡೀಸೆಲ್ ಹಚ್ಚಿ ಬಿಟ್ಟೀನಿ, ನಾಳೆ ಪಾನಾಕ್ಕ ಪೈಪ್ ಹಾಕಿ ನೋಡ್ತೀನಿ. ಚೈನ್ ಗೋದ್ಲಿ ಮ್ಯಾಲೆ ಒಗದೀನಿ. ಮಾವಗ ಇನ್ನೂ ಹೇಳಿಲ್ಲ.