ಸಹಾಯ ಬೇಕು: ಹೊಸಬರ ಪಕ್ಷಿಚಿತ್ರದ ಕೊರತೆಯನ್ನು ಹೇಳುವುದು ಹೇಗೆ?

ನಮ್ಮ ಹವ್ಯಾಸಿ ಛಾಯಾಗ್ರಾಹಕರ ಬಳಗದಲ್ಲಿ ಹೊಸ ಸದಸ್ಯರೊಬ್ಬರು, ರಂಗನತಿಟ್ಟಿನಲ್ಲಿ ದೋಣಿಯಿಂದ ತೆಗೆದ ಚಮಚ ಕೊಕ್ಕಿನ ಹಕ್ಕಿಯ ಚಿತ್ರವನ್ನು ಹಂಚಿಕೊಂಡು ಅಭಿಪ್ರಾಯ ಕೇಳಿದ್ದಾರೆ. ಗೂಡಿಗೆ ಕಡ್ಡಿ ತರುತ್ತಾ ರೆಕ್ಕೆ ಬಿಚ್ಚಿದ ಕ್ಷಣವನ್ನು ಅವರು ನಿಜಕ್ಕೂ ಸೊಗಸಾಗಿ ಹಿಡಿದಿದ್ದಾರೆ. ಆದರೆ ಹಿನ್ನೆಲೆಯ ಕಡುಹಸಿರು ಪೊದೆಗಳ ಮಂದ ಬೆಳಕನ್ನು ಅಳೆದ ಕ್ಯಾಮೆರಾ ಇಡೀ ಚಿತ್ರದ ಬೆಳಕನ್ನು ಹೆಚ್ಚಿಸಿರುವುದರಿಂದ ಬಿಳಿ ಗರಿಗಳ ವಿವರವೆಲ್ಲ ಅಳಿಸಿಹೋಗಿದೆ. ಮಾಹಿತಿಯನ್ನು ಕುಗ್ಗಿಸಿ ಉಳಿಸುವ ಜೆಪೆಗ್ ಕಡತವಾದ್ದರಿಂದ ಅದನ್ನು ಮರಳಿ ಪಡೆಯುವಂತೆಯೂ ಇಲ್ಲ. ಮುಂದಿನ ಸಲ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ನಿರ್ಧರಿಸಿದ ಬೆಳಕನ್ನು ನಾವೇ ಹೆಚ್ಚು ಕಡಿಮೆ ಮಾಡುವ ಸೌಲಭ್ಯ) ಅನ್ನು ಒಂದು ಸ್ಟಾಪ್‌ನಷ್ಟು (ಬೆಳಕು ಅರ್ಧವಾಗುವಷ್ಟು) ತಗ್ಗಿಸಿ, ಚಿತ್ರದ ಬೆಳಕಿನ ಹಂಚಿಕೆಯನ್ನು ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಮ್‌ನ ಬಲತುದಿಯನ್ನು (ಅತಿ ಬೆಳಕಿನ ಭಾಗವನ್ನು) ಗಮನಿಸಿದರೆ ಬಹುಮಟ್ಟಿಗೆ ಸರಿಹೋಗುವ ಸಂಗತಿಯಿದು.

ಇಂಥ ಸಂದರ್ಭಗಳಲ್ಲಿ ಮೊದಲು ಮೆಚ್ಚಿ ಆಮೇಲೆ ಕೊರತೆ ಹೇಳಿ ನೋಡಿದ್ದೇನೆ. ಮೆಚ್ಚುಗೆಯನ್ನು ಬರೀ ಪೀಠಿಕೆಯೆಂದು ಭಾವಿಸಿ ಕೆಲವರು ಮುಂದೆ ಚಿತ್ರ ಹಾಕುವುದನ್ನೇ ನಿಲ್ಲಿಸಿದರು. ಖಾಸಗಿಯಾಗಿ ತಿಳಿಸಿದರೆ ಉಳಿದವರಿಗೆ ಕಲಿಯುವ ಅವಕಾಶ ತಪ್ಪುತ್ತದೆ. ಹಾಗೆಂದು ‘ಸೂಪರ್’ ಎಂದಷ್ಟೇ ಬರೆದು ಸುಮ್ಮನಾಗುವುದು ಕಲಿಯಲು ಬಂದವರಿಗೆ ಮಾಡುವ ಅನ್ಯಾಯವೆಂದೇ ನನ್ನ ದೃಢವಾದ ನಂಬಿಕೆ.

ತೆಗೆದ ಚಿತ್ರದಲ್ಲಿ ಇನ್ನು ಸರಿಪಡಿಸಲಾಗದ ತಾಂತ್ರಿಕ ದೋಷವನ್ನು ಎಲ್ಲರೆದುರು ಹೇಳಬಹುದೇ, ಅಥವಾ ಮೊದಲು ಅವರೊಬ್ಬರನ್ನೇ ಕೇಳಿ, ಒಪ್ಪಿಗೆ ಪಡೆದು ಹೇಳಬೇಕೇ? ನಿಮ್ಮ ಅನುಭವದಲ್ಲಿ ಫಲ ಕೊಟ್ಟ ಒಂದೆರಡು ವಾಕ್ಯಗಳನ್ನು ಇದ್ದ ಹಾಗೆಯೇ ಬರೆದು ತಿಳಿಸುವಿರಾ?